ಕ್ಯಾನ್ಸರ್ ಬಂದ ಮೇಲೆ ಬೀಡಿ ಬಿಟ್ಟು ಏನು ಪ್ರಯೋಜನ?

ಸಕಲೇಶಪುರದ ನಮ್ಮ ದೊಡ್ಡಪ್ಪನೂ ಇದನ್ನೇ ಕೇಳಿದ್ದರು: "ಗಂಟಲಲ್ಲಿ ಗಡ್ಡೆ ಬಂದಾಯ್ತು, ಇನ್ನು ಬಿಟ್ಟು ಏನು ಬಂತು?"

ಪ್ರಯೋಜನ ಜಾಸ್ತಿನೇ ಇದೆ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಗಡ್ಡೆಗೆ ಆಮ್ಲಜನಕ ಕಡಿಮೆಯಾದರೆ ರೇಡಿಯೇಷನ್ ಅಷ್ಟಾಗಿ ನಾಟುವುದಿಲ್ಲ. ಆಪರೇಷನ್ ಗಾಯ ಮಾಯುವುದೂ ನಿಧಾನ. ಬಿಟ್ಟರೆ ಒಂದೆರಡು ದಿನದಲ್ಲೇ ಆ ಅನಿಲ ರಕ್ತದಿಂದ ಇಳಿದುಹೋಗುತ್ತದೆ. ಇನ್ನೊಂದು ಕ್ಯಾನ್ಸರ್ ಬರುವ ಭಯವೂ ತಗ್ಗುತ್ತದೆ.

ದೊಡ್ಡಪ್ಪನಿಗೆ ಕಷ್ಟವಾಗಿದ್ದು ಬೆಳಗಿನ ಕಾಫಿ ಹೊತ್ತು. ಲೋಟ ಕೆಳಗಿಟ್ಟ ತಕ್ಷಣ ಕೈ ಜೇಬಿಗೆ ಹೋಗುತ್ತಿತ್ತು. ಆಮೇಲೆ ಆ ಜೇಬಿನಲ್ಲಿ ನಾಲ್ಕು ಏಲಕ್ಕಿ ಇಟ್ಟುಕೊಂಡರು. (ಮಲೆನಾಡಲ್ಲಿ ಅದಕ್ಕೇನು ಬರ, ಅಲ್ವಾ?) ಬೀಡಿ ಚಪಲ ತಗ್ಗಿಸಲು ಜಗಿಯುವ ನಿಕೋಟಿನ್ ಗಮ್ ಬಾಯಿಹುಣ್ಣಿದ್ದರೆ ಉರಿಯುತ್ತದೆ, ಸುಮ್ನೆ ತಗೋಬೇಡಿ, ಡಾಕ್ಟರನ್ನು ಕೇಳಿ. ಸರ್ಕಾರದ ಉಚಿತ ಸಹಾಯವಾಣಿ 1800-11-2356, ಕನ್ನಡದಲ್ಲೇ ಮಾತಾಡಬಹುದು.