ಸಂಪಾದಕರ ಉತ್ತರ: ತೂಬು ಎತ್ತುವವರು ಯಾರು?

ಮಾನ್ಯರೇ,

ಚಿಕ್ಕಮಗಳೂರಿನಿಂದ ನೀವು ಬರೆದ ಉದ್ದನೆಯ ಪತ್ರ ಕೈಸೇರಿತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಹಾಗಾಗಿ ಉಳಿದ ಓದುಗರಿಗಾಗಿ ಸಾರಾಂಶ ಕೊಡುತ್ತಿದ್ದೇನೆ. ಬೈಗುಳಗಳಲ್ಲಿ ಒಂದನ್ನೂ ಬಿಟ್ಟಿಲ್ಲ.

ನೀವು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವರು. ಪ್ರತಿ ತಿಂಗಳೂ ಈ ಪುಟದಲ್ಲಿ ನಾನು "ಹಿಂದೆ ಹೀಗಿತ್ತು" ಎಂದು ಗೊಣಗುತ್ತೇನೆ, ಹಾಸನ, ಚಿಕ್ಕಮಗಳೂರುಗಳನ್ನು ಉಪ್ಪಿನಕಾಯಿಯಂತೆ ಜಾಡಿಯಲ್ಲಿ ಹಾಕಿಡಲು ನೋಡುತ್ತೇನೆ ಎಂಬುದು ಮೊದಲ ದೂರು. ಎರಡನೆಯದು ಇನ್ನೂ ಮೊನಚಾಗಿದೆ. ಬೇಲೂರಿನ ತೇರಿನ ಹೊತ್ತಿನ ಕುರಾನ್ ಪಠಣ ಮುಂದುವರಿಯಲಿ ಎಂದು ಬರೆದವನು, ಮನೆತನ ಮನೆತನ ಎನ್ನುತ್ತಲೇ ಕುಟುಂಬ ರಾಜಕಾರಣವನ್ನು ಹಳಿಯುವವನು ಎಂಥ ಸಂಪ್ರದಾಯವಾದಿ ಎಂದು ಕೇಳಿದ್ದೀರಿ. ಕೊನೆಗೆ, ಹಳೆಯ ಮದುವೆಗಳನ್ನು ಹೊಗಳಿದ ನನ್ನ ಬರಹವನ್ನು ಎತ್ತಿಕೊಂಡು, "ಆ ಮದುವೆಗಳಲ್ಲಿ ಒಲೆಯ ಮುಂದೆ ಬೆಂದವರು ಯಾರೆಂದು ಸಂಪಾದಕರು ಒಮ್ಮೆ ಅಡುಗೆಮನೆಗೆ ಇಣುಕಿ ನೋಡಬೇಕಿತ್ತು" ಎಂದಿದ್ದೀರಿ.

ಸಂಪ್ರದಾಯವಾದಿ ಎಂಬ ಪಟ್ಟವನ್ನು ನಾನು ಬೇಡ ಎನ್ನುವುದಿಲ್ಲ. ಅದನ್ನು ಬೈಗುಳವಾಗಿ ಎಸೆಯುವವರೂ ಇದ್ದಾರೆ, ಬಿರುದಾಗಿ ಎದೆಗೆ ಅಂಟಿಸಿಕೊಂಡು ಫ್ಲೆಕ್ಸ್ ಮೇಲೆ ನಿಲ್ಲುವವರೂ ಇದ್ದಾರೆ. ನನ್ನ ಜಗಳ ಇಬ್ಬರ ಜೊತೆಗೂ ಇದೆ.

ಕಾಫಿಯೇ ಹೊರಗಿನದು, ಹಾಸನದ ಆಲೂಗಡ್ಡೆಯೂ ಹೊರಗಿನದು, ಇನ್ನೆಲ್ಲಿಯ ಪರಂಪರೆ ಎಂದಿದ್ದೀರಿ. ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದ ಕಥೆಯನ್ನು ನಿಮ್ಮೂರಿನ ಮಕ್ಕಳೂ ಬಲ್ಲರು. ಹೊಸದು ಬರಬಾರದೆಂದು ನಾನೆಲ್ಲೂ ಬರೆದಿಲ್ಲ. ಬಂದದ್ದು ಇಲ್ಲಿ ಹೇಗೆ ಬೇರುಬಿಟ್ಟಿತು ಎನ್ನುವುದು ನನ್ನ ಕುತೂಹಲ. ಕಾಫಿ ನಮ್ಮ ಮಲೆನಾಡಿನಲ್ಲಿ ಕಾಡನ್ನು ಪೂರ್ತಿ ಬೋಳಿಸದೆ, ಅತ್ತಿ, ಹಲಸು, ನಂದಿಮರಗಳ ನೆರಳಿನಲ್ಲಿ ಬೆಳೆಯಿತು. ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿತು. ಆಮೇಲೆ ಸಿಲ್ವರ್ ಓಕ್ ಬಂತು: ಬೇಗ ಬೆಳೆಯುತ್ತದೆ, ಕಾಂಡ ನೆಟ್ಟಗಿರುತ್ತದೆ, ಕಡಿದು ಮಾರುವುದು ಸುಲಭ. ಈಗ ಎಷ್ಟೋ ತೋಟಗಳಲ್ಲಿ ತಲೆಯೆತ್ತಿ ನೋಡಿದರೆ ಅದರದೇ ಸಾಲು. ಹಣ್ಣು ತಿನ್ನುವ ಹಕ್ಕಿಗೆ ಅಲ್ಲಿ ಕೆಲಸವಿಲ್ಲ. ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು, ಕಾಫಿಯೂ ಹೊರಗಿನದೇ. ಒಂದನ್ನು ಒಪ್ಪಿ ಇನ್ನೊಂದಕ್ಕೆ ಮುಖ ಸಿಂಡರಿಸುವುದು ಅವುಗಳ ಪಾಸ್‌ಪೋರ್ಟ್ ನೋಡಿ ಅಲ್ಲ.

ಆಲೂಗಡ್ಡೆಯ ಕಥೆ ಬೇರೆ. ಮುಂಗಾರಿಗೆ ಮುನ್ನ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬಿತ್ತನೆಗಡ್ಡೆ ಬರಬೇಕು, ಹಾಸನದ ಎಪಿಎಂಸಿಯಲ್ಲಿ ರೈತ ಸಾಲ ಮಾಡಿ ಕೊಳ್ಳಬೇಕು. ಅಂಗಮಾರಿ ಬಿದ್ದು ಹೊಲ ಕರಕಲಾದರೆ ಯಾರ ಕೊರಳಪಟ್ಟಿ ಹಿಡಿಯುವುದು? ಮಾರಿದವನು ಮಳೆಯನ್ನು ತೋರಿಸುತ್ತಾನೆ, ಇಲಾಖೆ ಮಾರಿದವನನ್ನು ತೋರಿಸುತ್ತದೆ. ಒಂದು ಕಾಲಕ್ಕೆ ಆಲೂಗಡ್ಡೆಗೆ ಹೆಸರಾಗಿದ್ದ ಜಿಲ್ಲೆಯಲ್ಲಿ ಎಷ್ಟೋ ರೈತರು ಮುಸುಕಿನ ಜೋಳಕ್ಕೂ ಶುಂಠಿಗೂ ಹೊರಳಿದರು. ಕೇಳಿದರೆ ಉತ್ತರ ಹೇಳಬೇಕಾದವರು ಕೈಗೆಟುಕುವ ದೂರದಲ್ಲಿ ಇರಬೇಕು ಎಂಬುದಷ್ಟೇ ನನ್ನ ಹಟ. ನೀವು ಸಂಪ್ರದಾಯವಾದ ಎಂದು ಕರೆದದ್ದರಲ್ಲಿ ಮುಕ್ಕಾಲು ಪಾಲು ಇದೇ.

ಬೇಲೂರಿಗೆ ಬರೋಣ. ಚೆನ್ನಕೇಶವ ದೇವಾಲಯ ವಿಷ್ಣುವರ್ಧನನ ಕಾಲದ್ದು, 1117ರದ್ದು. 2023ರಲ್ಲಿ ಹಳೇಬೀಡು, ಸೋಮನಾಥಪುರಗಳ ಜೊತೆ ಯುನೆಸ್ಕೊ ಪಟ್ಟಿ ಸೇರಿತು. ಆದರೆ ಅದು ಬಂದು ನೋಡಿಹೋಗುವ ಶಿಲ್ಪವಷ್ಟೇ ಅಲ್ಲ. ನಿತ್ಯ ಪೂಜೆಯಿದೆ, ಚೈತ್ರದಲ್ಲಿ ತೇರು ಹೊರಡುತ್ತದೆ. ತೇರಿನ ಸಂದರ್ಭದಲ್ಲಿ ಖಾಜಿಯವರು ಬಂದು ಕುರಾನಿನ ಭಾಗ ಓದಿ ಗೌರವ ಸಲ್ಲಿಸುವ ರೂಢಿ ಬಹುಕಾಲದಿಂದ ನಡೆದುಕೊಂಡು ಬಂದಿದೆ. 2022ರಲ್ಲಿ ಅದನ್ನು ನಿಲ್ಲಿಸಿ ಎಂಬ ಕೂಗೆದ್ದಿತು. ರೂಢಿಯಂತೆಯೇ ನಡೆಯಲಿ ಎಂದು ಮುಜರಾಯಿ ಇಲಾಖೆ ಹೇಳಿತು. ಮರುವರ್ಷ ಮತ್ತೆ ಗಲಾಟೆ.

ಅದು ನಡುವೆ ಬಂದು ಸೇರಿದ್ದು, ಮೂಲದಲ್ಲಿ ಇರಲಿಲ್ಲ ಎಂಬುದು ವಿರೋಧಿಸುವವರ ವಾದ. ಇರಬಹುದು. ಹಾಗೆ ಹೊರಟರೆ ದೇವಾಲಯದ ಮಹಾದ್ವಾರದ ಮೇಲಿನ ಗೋಪುರವೂ ಮೂಲದ್ದಲ್ಲ, ವಿಜಯನಗರದ ಕಾಲದ್ದು. ಹೊಯ್ಸಳರು ಕಟ್ಟಿಸಲಿಲ್ಲವೆಂದು ಅದನ್ನು ಇಳಿಸುತ್ತೇವೆಯೇ? ಇಂಥ ಜಾಗಗಳು ಒಂದೇ ದಿನ, ಒಬ್ಬನೇ ಕೈಯಲ್ಲಿ ಆದವಲ್ಲ. ತಲೆಮಾರಿನಿಂದ ಇರುವುದನ್ನು ಕೀಳಲು ಬಂದವನು ಕಾರಣ ಕೊಡಬೇಕು, ಉಳಿಸಿಕೊಂಡವನಲ್ಲ. ನನ್ನ ಪಕ್ಷದವರೆಂದು ನೀವು ತಿಳಿದಿರುವ ಎಷ್ಟೋ ಜನ ಇದನ್ನು ಓದಿ ಫೋನು ಮಾಡಿ ಉಗಿದರು. ಅವರಿಗೂ ಇದೇ ಹೇಳಿದೆ: ನೀವು ಬಯಸುತ್ತಿರುವುದು ಹಳೆಯದನ್ನಲ್ಲ, ಹಳೆಯದರ ವೇಷ ತೊಟ್ಟ ಹೊಸದನ್ನು.

ನಿಮ್ಮ ಮುಂದಿನ ಪ್ರಶ್ನೆ ನನಗೆ ಈಗಲೇ ಕೇಳಿಸುತ್ತಿದೆ. ಹಾಗಾದರೆ ಸಿಗರನಹಳ್ಳಿ? 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಆ ಊರಿನಲ್ಲಿ ದೇವಸ್ಥಾನದೊಳಗೆ ಕಾಲಿಟ್ಟದ್ದಕ್ಕೆ ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದ ಸುದ್ದಿ ರಾಜ್ಯವೆಲ್ಲ ಹರಡಿತ್ತು. ಅದೂ ಹಳೆಯ ರೂಢಿಯೇ ತಾನೇ? ಹೌದು. ಆದರೆ ಆ ಊರು ಆ ಹೆಣ್ಣುಮಕ್ಕಳದ್ದೂ ಹೌದು. ಅವರು ಬಾಗಿಲಲ್ಲಿ ಬಂದು ನಿಂತದ್ದೇ ಕಾರಣ ಕೇಳಿದಂತೆ. ಕೊಡಲು ಯಾರ ಬಳಿಯೂ ಕಾರಣವಿರಲಿಲ್ಲ, ಇದ್ದದ್ದು ದಂಡದ ಮೊತ್ತ. ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ ಬಂದು ಆಗಲೇ ಅರವತ್ತೈದು ವರ್ಷವಾಗಿತ್ತು. ದಂಡ ಹಾಕಿ ಉಳಿಸಿಕೊಳ್ಳಬೇಕಾದ ರೂಢಿಗೆ ನಾನು ವಕಾಲತ್ತು ವಹಿಸುವುದಿಲ್ಲ.

ಕುಟುಂಬ ರಾಜಕಾರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಸನದಲ್ಲಿ ಕುಳಿತು ಅದರ ಬಗ್ಗೆ ಬರೆಯುವುದು ಅಡುಗೆಮನೆಯಲ್ಲಿ ಕುಳಿತು ಹೊಗೆಯ ಬಗ್ಗೆ ಬರೆದ ಹಾಗೆ. ಹರದನಹಳ್ಳಿಯ ದೇವೇಗೌಡರು 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದಾಗ ಅವರ ಹಿಂದೆ ಯಾವ ಮನೆತನದ ಬಲವೂ ಇರಲಿಲ್ಲ, 1996ರಲ್ಲಿ ಪ್ರಧಾನಿಯಾದರು. ಅದು ಒಬ್ಬ ಮನುಷ್ಯನ ದುಡಿಮೆ. 2024ರ ಲೋಕಸಭಾ ಚುನಾವಣೆಗೆ ಬರುವಷ್ಟರಲ್ಲಿ ಸೋತದ್ದು ಅವರ ಮೊಮ್ಮಗ, ಗೆದ್ದದ್ದು 1999ರಲ್ಲಿ ಅವರನ್ನು ಸೋಲಿಸಿದ್ದ ಜಿ. ಪುಟ್ಟಸ್ವಾಮಿಗೌಡರ ಮೊಮ್ಮಗ. ಪಕ್ಷ ಬದಲಾಯಿತು, ಪದ್ಧತಿ ಬದಲಾಗಲಿಲ್ಲ. ಮನೆತನದಲ್ಲಿ ಮಗನಿಗೆ ಹೊಲದ ಜೊತೆ ಅಪ್ಪನ ಸಾಲವೂ ಬರುತ್ತದೆ, ಮದುವೆಯಾಗದ ತಂಗಿಯ ಹೊಣೆಯೂ ಬರುತ್ತದೆ. ರಾಜಕಾರಣದಲ್ಲಿ ಹೊಲ ಮಾತ್ರ ಬರುತ್ತದೆ. ನಾನು ಮನೆತನವನ್ನು ಹೊಗಳಿದ್ದು ಆ ಸಾಲಕ್ಕಾಗಿ.

ನೀವು ನನ್ನ ಕೆರೆಯ ಬರಹಗಳನ್ನು ಒಂದೇ ಸಾಲಿನಲ್ಲಿ "ಭಾವುಕತೆ" ಎಂದು ತಳ್ಳಿಹಾಕಿದ್ದೀರಿ. ಅಲ್ಲಿ ನಾನು ಬಿಟ್ಟುಕೊಡುವವನಲ್ಲ.

ನಮ್ಮ ಬಯಲುಸೀಮೆಯ ಕಡೆಯ ಯಾವುದಾದರೂ ಹಳೆಯ ಕೆರೆಯ ಏರಿಯ ಮೇಲೆ ನಿಂತು ನೋಡಿ. ನೀರಿನೊಳಗೆ ಎರಡು ಕಲ್ಲುಕಂಬ, ನಡುವೆ ತೂತು ಕೊರೆದ ಅಡ್ಡಗಲ್ಲುಗಳು, ತೂತಿನಲ್ಲಿ ಇಳಿಬಿಟ್ಟ ಉದ್ದದ ಕೋಲು, ಕೋಲಿನ ತುದಿಗೆ ತೂಬಿನ ಬಾಯಿ ಮುಚ್ಚುವ ಬಿರಡೆ. ಆ ಕೋಲನ್ನು ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದು ನೀರಗಂಟಿಗೆ ಬಿಟ್ಟದ್ದು. ಕಾಲುವೆಯ ಕೊನೆಯಲ್ಲಿರುವವನ ಗದ್ದೆಗೆ ನೀರು ತಲುಪಿತೇ ಎಂದು ನೋಡಿ ಬರುವವನು ಅವನೇ. ಮಳೆಗಾಲದ ರಾತ್ರಿ ಕೋಡಿಯ ಮೇಲೆ ಕಣ್ಣಿಡುವವನೂ ಅವನೇ. ಕೂಲಿಯಾಗಿ ಸುಗ್ಗಿಯಲ್ಲಿ ಧಾನ್ಯ, ಜೊತೆಗೆ ಒಂದಿಷ್ಟು ಮಾನ್ಯದ ಭೂಮಿ.

ಆ ಕೆಲಸ ಹುಟ್ಟಿನಿಂದ ಕೊರಳಿಗೆ ಬಿದ್ದದ್ದು, ಜಾತಿಯಿಂದ ಬಂದದ್ದು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು, ತೆಗೆಯಲೇಬೇಕಿತ್ತು. ನನ್ನ ತಕರಾರು ಇಷ್ಟೇ: ಆ ಹುದ್ದೆಯ ಜೊತೆಗೆ ಕೆಲಸವೂ ಹೋಯಿತು. ನ್ಯಾಯವಾದ ಸಂಬಳಕ್ಕೆ ಯಾವ ಜಾತಿಯವನಾದರೂ ಆ ಕೋಲು ಹಿಡಿಯುವ ಹಾಗೆ ಏರ್ಪಾಡು ಮಾಡುವುದು ಯಾರಿಗೂ ಹೊಳೆಯಲಿಲ್ಲ. ಕೆರೆ ಕಾಗದಕ್ಕೆ ಹೋಯಿತು. ನಲವತ್ತು ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನದು ಜಿಲ್ಲಾ ಪಂಚಾಯಿತಿಗೆ, ಅದಕ್ಕೆ ಮೇಲ್ಪಟ್ಟದ್ದು ಸಣ್ಣ ನೀರಾವರಿ ಇಲಾಖೆಗೆ. ಬಿರಡೆ ಕೊಳೆತರೆ ಅಂದಾಜುಪಟ್ಟಿ, ಟೆಂಡರು, ಬಿಲ್ಲು. ಅಷ್ಟರಲ್ಲಿ ನೀರು ಹರಿದುಹೋಗಿರುತ್ತದೆ.

ಆ ಜಿಲ್ಲಾ ಪಂಚಾಯಿತಿಯಲ್ಲಾದರೂ ಯಾರಿದ್ದಾರೆ? ಅದರ ಚುನಾವಣೆ ನಡೆದದ್ದು 2016ರಲ್ಲಿ. ಸದಸ್ಯರ ಅವಧಿ 2021ಕ್ಕೆ ಮುಗಿಯಿತು. ಐದು ವರ್ಷ ತುಂಬುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿಯೇ ಹೇಳುತ್ತದೆ. ಅದೇ ವರ್ಷ ಕ್ಷೇತ್ರ ಮರುವಿಂಗಡಣೆಯನ್ನು ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ಗಡಿ ಎಳೆಯುವುದು, ಮೀಸಲಾತಿ ಪಟ್ಟಿ, ನ್ಯಾಯಾಲಯ ಎಂದು ವರ್ಷಗಳೇ ಉರುಳಿದವು. ಒಂದು ಸರ್ಕಾರ ಹೋಗಿ ವಿರೋಧ ಪಕ್ಷದ ಸರ್ಕಾರ ಬಂತು. ಈ ಒಂದು ವಿಷಯದಲ್ಲಿ ಇಬ್ಬರಿಗೂ ಎಂಥ ಒಮ್ಮತ! ಶಾಸಕರಿಗೆ ಹಳ್ಳಿಯಲ್ಲಿ ಇನ್ನೊಬ್ಬ ನಾಯಕ ಬೆಳೆಯುವುದು ಬೇಕಿಲ್ಲ ಎಂಬುದನ್ನು ಬಿಟ್ಟರೆ ನನಗೆ ಬೇರೆ ಕಾರಣ ಕಾಣುವುದಿಲ್ಲ.

1987ರಲ್ಲಿ ಮೊದಲ ಜಿಲ್ಲಾ ಪರಿಷತ್ (ಇಂದಿನ ಜಿಲ್ಲಾ ಪಂಚಾಯಿತಿಯ ಹಿಂದಿನ ರೂಪ) ಚುನಾವಣೆಗಳು ನಡೆದಾಗ ಅದರ ಹಿಂದೆ ನಿಂತಿದ್ದವರು ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಊರೂರಿಗೂ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದರು. ಸಂಪ್ರದಾಯದ ಮಾತು ಅವರ ಬಾಯಲ್ಲಿ ಬಂದದ್ದಿಲ್ಲ. ಆದರೂ ಊರಿನ ಕೆಲಸವನ್ನು ಊರಿನ ಕೈಗೆ ಕೊಡಬೇಕೆಂದು ನಂಬಿದ ಅವರು, ಸಂಸ್ಕೃತಿ ಸಂಸ್ಕೃತಿ ಎಂದು ಮೈಕಿನಲ್ಲಿ ಅರಚುವ ಎಲ್ಲರಿಗಿಂತ ನನಗೆ ಹತ್ತಿರದವರು. 2017ರ ಬೇಸಿಗೆಯಲ್ಲಿ ಹಾಸನದ ಸುತ್ತಮುತ್ತ ಜನ ತಾವೇ ಸಲಿಕೆ ಬಾಂಡಲಿ ಹಿಡಿದು ಕಲ್ಯಾಣಿಗಳ ಹೂಳೆತ್ತಿದರು. ಆ ಸಾಲಿನಲ್ಲಿ ನಿಂತವರಲ್ಲಿ ಯಾರು ಪ್ರಗತಿಪರರು, ಯಾರು ಸಂಪ್ರದಾಯವಾದಿಗಳು ಎಂದು ಯಾರೂ ಕೇಳಲಿಲ್ಲ. ಬಾಂಡಲಿ ಮುಂದಿನವರಿಗೆ ದಾಟಿಸುವ ಅವಸರದಲ್ಲಿ ಅದಕ್ಕೆ ಬಿಡುವೂ ಇರಲಿಲ್ಲ.

ಇನ್ನು ಮದುವೆ. ಒಲೆಯ ಮುಂದೆ ಬೆಂದ ಹೆಂಗಸರ ಬಗ್ಗೆ ನೀವು ಹೇಳಿದ್ದನ್ನು ಅಕ್ಷರಶಃ ಒಪ್ಪುತ್ತೇನೆ. ಅಡುಗೆಭಟ್ಟರು ಬಂದದ್ದು, ಕಲ್ಯಾಣಮಂಟಪ ಬಂದದ್ದು ಅವರ ಪಾಲಿಗೆ ಬಿಡುಗಡೆ. ಹಾಸನಾಂಬೆಯ ಗುಡಿಯಲ್ಲಿರುವ ಸೊಸೆಕಲ್ಲಿನ ಕಥೆ ನಿಮಗೆ ಗೊತ್ತಿರಬೇಕು. ಗುಡಿಗೆ ಬರುತ್ತಿದ್ದ ಸೊಸೆಗೆ ಅತ್ತೆ ಹೊಡೆದಳು, ಸೊಸೆ ತಾಯಿಯನ್ನು ಕೂಗಿದಳು, ತಾಯಿ ಅವಳನ್ನು ಕಲ್ಲಾಗಿಸಿ ತನ್ನ ಸನ್ನಿಧಿಯಲ್ಲೇ ಇರಿಸಿಕೊಂಡಳು. ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯತ್ತ ಸರಿಯುತ್ತದಂತೆ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಆ ಗುಡಿಯಲ್ಲಿ ಈಗ ಮುನ್ನೂರರ ಸಾಲು, ಸಾವಿರದ ಸಾಲು ಎಂದು ದರ್ಶನಕ್ಕೆ ದರ ಕಟ್ಟಿದ್ದೇವೆ, ಅದು ಬೇರೆ ಸಂಕಟ. ನಾನು ಹೇಳಬಂದದ್ದು, ಊರಿನ ನೆನಪು ಅತ್ತೆಯ ಪರವಾಗಿ ನಿಲ್ಲಲಿಲ್ಲ ಎಂಬುದು.

ಆದರೆ ನಾನು ಹೊಗಳಿದ್ದು ಅಡುಗೆಯನ್ನಲ್ಲ, ಮುಯ್ಯಿಯನ್ನು. ಅರ್ಥಶಾಸ್ತ್ರದವರು ಇದನ್ನು ಗಮನಿಸದೆ ಹೋದದ್ದು ಸೋಜಿಗ. ಮಂಟಪದ ಬಾಗಿಲಲ್ಲಿ ಒಂದು ಮೇಜು, ಮೇಲೆ ಸ್ಟೀಲಿನ ತಟ್ಟೆ, ನಾಲ್ಕು ಮೂಲೆಗೆ ಅರಿಸಿನ ಹಚ್ಚಿದ ನೋಟುಬುಕ್ಕು. ಕೈಬರಹ ಚೆನ್ನಾಗಿರುವ ಸೋದರಮಾವನೊಬ್ಬ ಕುಳಿತು ಬರೆಯುತ್ತಾನೆ: ಹೆಸರು, ಅಪ್ಪನ ಹೆಸರು, ಊರು, ನೂರಾ ಒಂದು. ಮದುವೆ ಮುಗಿದ ಮೇಲೆ ಆ ಪುಸ್ತಕ ಬೀರುವಿಗೆ ಹೋಗುತ್ತದೆ. ಆ ಮನೆಯವರ ಮಗಳ ಮದುವೆಯ ಆಹ್ವಾನ ಬಂದಾಗ ತೆಗೆದು ನೋಡುತ್ತಾರೆ, ಬರೆದದ್ದಕ್ಕಿಂತ ಒಂದಿಷ್ಟು ಸೇರಿಸಿ ಹಿಂದಿರುಗಿಸುತ್ತಾರೆ. ಬಡ್ಡಿಯಿಲ್ಲ, ಜಾಮೀನಿಲ್ಲ, ಬ್ಯಾಂಕಿನ ಮ್ಯಾನೇಜರಿಲ್ಲ. ಮಲೆನಾಡಿನ ನಾಟಿಯಲ್ಲಿ ಮುಯ್ಯಾಳು ಎಂದು ಇದೇ ಲೆಕ್ಕ ದುಡಿಮೆಯಲ್ಲಿ ನಡೆಯುತ್ತಿತ್ತು: ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು.

ಈಗ "ಆಶೀರ್ವಾದವೇ ಉಡುಗೊರೆ" ಎಂದು ಆಹ್ವಾನಪತ್ರಿಕೆಯಲ್ಲೇ ಅಚ್ಚಾಗುತ್ತದೆ. ಕೇಳಲು ಬಹಳ ಉದಾರ. ಆ ಉದಾರತೆ ಉಳ್ಳವರಿಗೆ ಸಲ್ಲುತ್ತದೆ. ಅವರನ್ನು ನೋಡಿ ಇಲ್ಲದವರೂ ಹಾಗೆಯೇ ಅಚ್ಚು ಹಾಕಿಸಿ, ಮಂಟಪದ ಬಾಡಿಗೆಗೂ ಬೀಗರ ಊಟದ ಕುರಿಗೂ ಫೈನಾನ್ಸಿನಲ್ಲಿ ಸಾಲ ಎತ್ತುತ್ತಾರೆ. ಮೇಜಿನ ಮೇಲೆ ನೋಟುಬುಕ್ಕಿನ ಬದಲು ಕ್ಯೂಆರ್ ಕೋಡ್ ಇಟ್ಟರೂ ನನಗೆ ಅಡ್ಡಿಯಿಲ್ಲ, ಲೆಕ್ಕ ಉಳಿದರೆ ಸಾಕು.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ತರಗತಿಯಲ್ಲಿ ಕಡೂರು, ತರೀಕೆರೆ, ಮೂಡಿಗೆರೆ ಕಡೆಯ ಮಕ್ಕಳಿರುತ್ತಾರೆ. ಅವರವರ ಮನೆಯ ಹಳೆಯ ಮುಯ್ಯಿ ಪುಸ್ತಕಗಳನ್ನು ತರಲು ಹೇಳಿ. ಯಾವ ಊರಿನಿಂದ ಯಾವ ಊರಿಗೆ ಎಷ್ಟು ಹೋಯಿತು, ಎಷ್ಟು ವರ್ಷಕ್ಕೆ ಹಿಂದಿರುಗಿತು, ಯಾವ ಜಾತಿಯವರು ಯಾರ ಪುಸ್ತಕದಲ್ಲಿ ಇದ್ದಾರೆ, ಯಾರು ಇಲ್ಲವೇ ಇಲ್ಲ, ಹೆಂಗಸರ ಹೆಸರಿನಲ್ಲಿ ಬರೆದದ್ದು ಎಷ್ಟು, ಎಲ್ಲವನ್ನೂ ಲೆಕ್ಕ ಹಾಕಿ ಬರೆದು ಕಳುಹಿಸಿ. ನಾಲ್ಕು ಪುಟ ನಿಮಗಾಗಿ ತೆಗೆದಿಡುತ್ತೇನೆ. ಹೆಸರುಗಳನ್ನು ಮಾತ್ರ ಬದಲಿಸಿ, ಯಾರದೋ ಮನೆಯ ಬಾಕಿ ನಮ್ಮ ಪತ್ರಿಕೆಯಲ್ಲಿ ಬಯಲಾಗುವುದು ಬೇಡ. ಆ ಲೇಖನದಲ್ಲಿ ನನ್ನನ್ನು ಎಷ್ಟು ಬೈದರೂ ಒಂದಕ್ಷರವನ್ನೂ ತೆಗೆಯುವುದಿಲ್ಲ.

– ಸಂ.