ಮೇಳದಿಂದ ತಂದ ನಿಂಬೆ ಕಸಿ ಗಿಡ ಎಲೆ ಉದುರಿಸ್ತಿರೋದಕ್ಕೆ

ಹೆಸರಘಟ್ಟ ತೋಟಗಾರಿಕೆ ಮೇಳದಿಂದ ನಿಂಬೆ ಕಸಿ ಗಿಡನ ಬೈಕಲ್ಲಿ ತಂದು ಅವತ್ತೇ ದೊಡ್ಡ ಪಾಟಿಗೆ ಹಾಕಿ ಟೆರೇಸ್ ಬಿಸಿಲಿಗೆ ಇಟ್ಟೆ ಅಂದ್ರಲ್ಲ, ಎಲೆ ಉದುರ್ತಿರೋದು ಬಹುಶಃ ಅದಕ್ಕೇ, ರೋಗ ಅಲ್ಲ. ಶೇಡ್ ನೆಟ್ ಕೆಳಗೆ ಬೆಳೆದ ಗಿಡ, ಸ್ಟಾಲಲ್ಲಿ ಎರಡು ದಿನ ಸರಿಯಾಗಿ ನೀರಿಲ್ದೆ ನಿಂತಿರತ್ತೆ, ಆಮೇಲೆ ದಾರಿ ಗಾಳಿ, ಅದರ ಮೇಲೆ ಪಾಟಿಗೆ ಹಾಕೋವಾಗ ಬೇರೂ ಅಲುಗಾಡಿದೆ. ನನ್ನ ಗಿಡಕ್ಕೂ ಹೀಗೇ ಆಗಿ ಪೂರ್ತಿ ಬೋಳಾಗಿತ್ತು, ಆದ್ರೂ ಉಳೀತು.

ಮೊದಲು ಕಾಂಡನ ಉಗುರಲ್ಲಿ ಚೂರೇ ಚೂರು ಕೆರೆದು ನೋಡಿ, ಒಳಗೆ ಹಸಿರಾಗಿ ತೇವ ಇದ್ರೆ ಜೀವ ಇದೆ. ಕಂದು ಬಣ್ಣಕ್ಕೆ ತಿರುಗಿದ್ರೆ ಸ್ವಲ್ಪ ಕೆಳಗೆ ಕೆರೀರಿ, ಕಸಿ ಗಂಟಿನ (ಕೆಳಗಿನ ಬೇರಿನ ಗಿಡಕ್ಕೆ ನಿಂಬೆ ಸೇರಿಸಿದ ಜಾಗ) ತನಕ ಒಣಗಿದ್ರೆ ಮಾತ್ರ ಆಸೆ ಬಿಡಿ. ಇವತ್ತೇ ನೆರಳಿಗೆ ತನ್ನಿ, 10 ದಿನ ಬೆಳಗಿನ ಎಳೆ ಬಿಸಿಲು ಮಾತ್ರ ಸಾಕು. ನೀರು ಹಾಕೋವಾಗ ಒಂದು ವಿಷ್ಯ, ಸುತ್ತ ಇರೋ ಹೊಸ ಮಣ್ಣು ನೆನೆದು ಕವರಲ್ಲಿ ಬಂದ ಬೇರಿನ ಮಣ್ಣುಂಡೆ ಮಾತ್ರ ಒಳಗೆ ಒಣಗೇ ಇರತ್ತೆ, ಅದಕ್ಕೇ ಬುಡಕ್ಕೇ ನಿಧಾನಕ್ಕೆ ಹಾಕಿ, ಆ ಉಂಡೆಗೇ ಕಡ್ಡಿ ಚುಚ್ಚಿ ಎಳೆದು ನೋಡಿ, ಮಣ್ಣು ಅಂಟಿಕೊಂಡು ಬಂದ್ರೆ ಅವತ್ತು ನೀರು ಬೇಡ. ಗೊಬ್ಬರ ಸದ್ಯಕ್ಕೆ ಮುಟ್ಟಲೇಬೇಡಿ, ಕಸಿ ಗಂಟಿನ ಕೆಳಗೆ ಚಿಗುರು ಬಂದ್ರೆ ಚಿವುಟಿ ಹಾಕಿ.

ಫೋಟೋ ಇಲ್ದೆ ಪೂರ್ತಿ ಖಚಿತವಾಗಿ ಹೇಳಕ್ಕಾಗಲ್ಲ. ಎಲೆ ಮೇಲೆ ಬೆಳ್ಳಿ ಬಣ್ಣದ ಅಂಕುಡೊಂಕು ಗೆರೆ ಕಂಡ್ರೆ ಅದು ರಂಗೋಲಿ ಹುಳು, ಆ ಎಲೆಗಳನ್ನ ಕಿತ್ತು ದೂರ ಹಾಕಿ.