ಡ್ರಮ್ಮಿನಿಂದ ಇಳಿದ ಕಪ್ಪು ದ್ರವ ಡೀಸೆಲ್ ಅಲ್ಲ

ತೆಂಗಿನ ಚಿಪ್ಪು ಮತ್ತು ಅಡಿಕೆ ಸಿಪ್ಪೆಯನ್ನು ಮುಚ್ಚಿದ ಡ್ರಮ್ಮಿನಲ್ಲಿ ಕಾಯಿಸಿದಾಗ ಕೊಳವೆಯಿಂದ ಇಳಿದ ಕಪ್ಪು ದ್ರವವನ್ನು ಪಂಪ್‌ಸೆಟ್ಟಿನ ಡೀಸೆಲ್ಲಿಗೆ ಸೇರಿಸಬಹುದೇ ಎಂದು ಕೇಳಿದ್ದೀರಿ. ಸೇರಿಸಬೇಡಿ; ಸೇರಿಸಿದರೂ ಅದು ಡೀಸೆಲ್ಲಿನಲ್ಲಿ ಬೆರೆಯದೆ ಬೇರೆಯಾಗಿಯೇ ನಿಲ್ಲುತ್ತದೆ.

ಚಿಪ್ಪಿರಲಿ ಸಿಪ್ಪೆಯಿರಲಿ, ಅದರಲ್ಲಿ ಮುಖ್ಯವಾಗಿ ಇರುವುದು ಸಸ್ಯದ ಒಡಲನ್ನು ಕಟ್ಟುವ ಮೂರು ವಸ್ತುಗಳು: ಹೆಮಿಸೆಲ್ಯುಲೋಸ್, ಸೆಲ್ಯುಲೋಸ್ ಮತ್ತು ಲಿಗ್ನಿನ್. ಗಾಳಿಯಾಡದಂತೆ ಕಾಯಿಸಿದಾಗ ಮೊದಲು, ಸುಮಾರು 220ರಿಂದ 315 ಡಿಗ್ರಿ ಸೆಲ್ಸಿಯಸ್ ನಡುವೆ ಒಡೆಯುವ ಹೆಮಿಸೆಲ್ಯುಲೋಸ್ ಅಸಿಟಿಕ್ ಆಮ್ಲವನ್ನೂ ಫರ್ಫ್ಯೂರಾಲ್ ಎಂಬ ದ್ರವವನ್ನೂ ಕೊಡುತ್ತದೆ. ದ್ರವದಿಂದ ಮೂಗಿಗೆ ಬಡಿಯುವ ಹುಳಿ ವಾಸನೆಗೆ ವಿನೆಗರಿನಲ್ಲಿರುವ ಆ ಆಮ್ಲವೇ ಕಾರಣ. 400 ಡಿಗ್ರಿಯೊಳಗೆ ಸೆಲ್ಯುಲೋಸ್ ಒಡೆದು ಲೆವೊಗ್ಲುಕೋಸಾನ್ ಎಂಬ ಸಕ್ಕರೆಯ ಬಂಧು ಹುಟ್ಟುತ್ತದೆ, ಆದರೆ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದಷ್ಟೂ ಅದು ಕಡಿಮೆಯಾಗಿ ಇದ್ದಿಲು ಮತ್ತು ಅನಿಲ ಹೆಚ್ಚುತ್ತವೆ. ಲಿಗ್ನಿನ್ ಮಾತ್ರ ಅವಸರವಿಲ್ಲದೆ ಉದ್ದಕ್ಕೂ ಒಡೆಯುತ್ತಾ ಗ್ವಾಯಕಾಲ್ ಮೊದಲಾದ, ಹೊಗೆಯ ವಾಸನೆ ಬೀರುವ ಫೀನಾಲುಗಳನ್ನು ಬಿಡುತ್ತದೆ. ತೆಂಗಿನ ಚಿಪ್ಪಿನಲ್ಲಿ ಲಿಗ್ನಿನ್ ಹೇರಳವಾಗಿರುವುದರಿಂದ ನಿಮ್ಮ ದ್ರವದಲ್ಲಿ ಈ ಹೊಗೆಯ ಕಮಟು ಎದ್ದು ಕಾಣುತ್ತದೆ.

ಇವೆಲ್ಲವೂ ಆಮ್ಲಜನಕವನ್ನು ಹೊತ್ತ ಅಣುಗಳು, ಡೀಸೆಲ್ಲಿನ ಅಣುಗಳು ಹಾಗಲ್ಲ; ತೊಡಕು ಇರುವುದೇ ಅಲ್ಲಿ. ಸುಮಾರು 500 ಡಿಗ್ರಿಯಲ್ಲಿ, ಆವಿಯನ್ನು ಎರಡು ಸೆಕೆಂಡಿನೊಳಗೆ ತಣಿಸುವ ಯಂತ್ರಗಳಲ್ಲಿ ಒಣ ಕಚ್ಚಾವಸ್ತುವಿನ ತೂಕದ ಶೇ. 75ರವರೆಗೆ ದ್ರವ ಸಿಗುತ್ತದೆಯಾದರೂ ಅದರಲ್ಲಿ ಶೇ. 15ರಿಂದ 30ರಷ್ಟು ನೀರೇ ಇರುತ್ತದೆ, ಹುಳಿಯನ್ನು ಅಳೆಯುವ ಪಿಎಚ್ 2ರಿಂದ 3ರ ಆಸುಪಾಸಿನಲ್ಲಿರುತ್ತದೆ, ಎಂದರೆ ಬಲು ಹುಳಿ; ಶಾಖಮೌಲ್ಯವೂ, ಅಂದರೆ ಉರಿಸಿದಾಗ ಸಿಗುವ ಶಾಖವೂ, ಡೀಸೆಲ್ಲಿನ ಅರ್ಧಕ್ಕಿಂತ ಕಡಿಮೆ. ಮತ್ತೆ ಭಟ್ಟಿಯಿಳಿಸಿ ಶುದ್ಧ ಮಾಡೋಣವೆಂದರೆ ಬಿಸಿಗೆ ಅಣುಗಳು ಒಂದಕ್ಕೊಂದು ಬೆಸೆದುಕೊಂಡು, ಹಾಕಿದ್ದರಲ್ಲಿ ಅರ್ಧದಷ್ಟು ತಳದಲ್ಲಿ ಗಟ್ಟಿಯಾಗಿ ಕೂರಬಹುದು. ನಿಜವಾದ ಇಂಧನ ಬೇಕಾದರೆ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ, ವೇಗವರ್ಧಕದ ನೆರವಿನಿಂದ ಆಮ್ಲಜನಕವನ್ನು ನೀರಾಗಿ ತೆಗೆಯಬೇಕು. ಅದು ತೋಟದ ಕೆಲಸವಲ್ಲ.

1923ರಲ್ಲಿ ಆರಂಭವಾದ ಭದ್ರಾವತಿಯ ಕಾರ್ಖಾನೆ ಕಟ್ಟಿಗೆಯನ್ನು ಹೀಗೆಯೇ ಕಾಯಿಸಿ, ಇದ್ದಿಲನ್ನು ಕಬ್ಬಿಣದ ಕುಲುಮೆಗೆ ಬಳಸಿ, ದ್ರವದಿಂದ ಮೆಥನಾಲ್, ಕ್ಯಾಲ್ಸಿಯಂ ಅಸಿಟೇಟ್ ಮತ್ತು ಮರದ ಡಾಂಬರನ್ನು ಬೇರ್ಪಡಿಸುತ್ತಿತ್ತು. ನಿಧಾನವಾಗಿ ಕಾಯುವ ನಿಮ್ಮ ಡ್ರಮ್ಮಿನಲ್ಲಿಯೂ ಲಾಭದ ಭಾಗ ಇದ್ದಿಲೇ: ಚಿಪ್ಪನ್ನು ಚೆನ್ನಾಗಿ ಒಣಗಿಸಿದರೆ ಅದರ ತೂಕದ ಕಾಲುಭಾಗಕ್ಕೆ ಮೀರಿ ಇದ್ದಿಲು ಸಿಗುತ್ತದೆ.

ತಣಿಯದೆ ಉಳಿದ ಅನಿಲವನ್ನು ಡ್ರಮ್ಮಿನ ಅಡಿಗೇ ತಿರುಗಿಸಿ ಉರಿಸಿದರೆ ಸೌದೆ ಉಳಿಯುತ್ತದೆ. ಅದರಲ್ಲಿ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಮುಚ್ಚಿದ ಕೊಟ್ಟಿಗೆಯಲ್ಲಿ ಈ ಕೆಲಸ ಬೇಡ, ಕೊಳವೆ ಡಾಂಬರಿನಿಂದ ಕಟ್ಟಿಕೊಂಡಿದೆಯೇ ಎಂದು ಪ್ರತಿ ಸಲವೂ ನೋಡಿ. ಈಗ ಶೇಖರವಾಗಿರುವ ದ್ರವವನ್ನು ಕಬ್ಬಿಣದ ಡಬ್ಬಿಯಲ್ಲಿಟ್ಟರೆ ತೂತು ಬೀಳುತ್ತದೆ. ದಪ್ಪ ಪ್ಲಾಸ್ಟಿಕ್ ಕ್ಯಾನಿಗೆ ಸುರಿದಿಡಿ, ಬರಿಗೈಯಲ್ಲಿ ಮುಟ್ಟಬೇಡಿ, ಬಾವಿಯ ಹತ್ತಿರ ಚೆಲ್ಲಬೇಡಿ.